ಇನ್ನೂರಕ್ಕೆ ಮೂವತ್ತೆರಡು ಕಡಿಮೆ

ಫೆಬ್ರವರಿ 11

ಮಾಮ ಅವರಿಗೆ,

ನಮಸ್ಕಾರ. ನೀವು ಆರೋಗ್ಯವಾಗಿದ್ದೀರಿ ಎಂದು ಅಮ್ಮನಿಂದ ತಿಳಿಯಿತು. ಫೋನ್ ಮಾಡುವ ಬದಲು ಬರೆಯುತ್ತಿದ್ದೇನೆ. ಫೋನಿನಲ್ಲಿ ನಿಮಗೆ ಅರ್ಧ ಮಾತು ಕೇಳಿಸುವುದಿಲ್ಲ, ಕೇಳಿಸಿದ ಅರ್ಧಕ್ಕೆ ಜಗಳ ತೆಗೆಯುತ್ತೀರಿ.

ವಿಷಯ ಇಷ್ಟೇ. ಬೆಟ್ಟ ಹತ್ತುವ ಕಾರ್ ರೇಸಿನ ಸಂಘದವರು ಈ ವರ್ಷ ನಿಯಮ ಬದಲಿಸಿದ್ದಾರೆ. ಇಷ್ಟು ದಿನ ಗಾಡಿಗೆ ಎಷ್ಟು ಹಾರ್ಸ್‌ಪವರ್ ಎಂದು ಮಾಲೀಕನೇ ಬರೆದುಕೊಟ್ಟರೆ ಸಾಕಿತ್ತು. ಇನ್ನು ಮುಂದೆ ಅಳತೆ ಮಾಡಿಸಿದ ಸರ್ಟಿಫಿಕೇಟ್ ಬೇಕು. ಇನ್ನೂರು ಮತ್ತು ಅದಕ್ಕಿಂತ ಹೆಚ್ಚಿದ್ದರೆ ದೊಡ್ಡ ವರ್ಗ, ಕಡಿಮೆಯಿದ್ದರೆ ಚಿಕ್ಕ ವರ್ಗ. ಅಳೆಯಲು ಸಂಘ ಒಪ್ಪಿರುವುದು ಒಂದೇ ಜಾಗವನ್ನು. ಅದು ನಾನು ಕೆಲಸ ಮಾಡುತ್ತಿರುವ ಪರೀಕ್ಷಾ ಕೇಂದ್ರ. ಗಾಡಿಯ ಶಕ್ತಿ ಅಳೆಯುವ ಡೈನೋ ಯಂತ್ರ ನಡೆಸುವವಳು ನಾನು, ಸರ್ಟಿಫಿಕೇಟಿಗೆ ಸಹಿ ಹಾಕುವವಳೂ ನಾನೇ.

ಇದನ್ನು ನಾನು ಕೇಳಿ ಪಡೆದದ್ದಲ್ಲ. ಬೇರೆ ಯಾರಿಂದಲಾದರೂ ನಿಮಗೆ ಗೊತ್ತಾಗುವ ಮೊದಲು ನಾನೇ ಹೇಳುವುದು ಸರಿ ಅನ್ನಿಸಿತು. ಗಾಡಿಯನ್ನು ಮಾರ್ಚ್ ಮುಗಿಯುವುದರೊಳಗೆ ಕಳಿಸಿದರೆ ಅನುಕೂಲ.

ನಿಮ್ಮ ಸೋದರ ಸೊಸೆ


ಮಾರ್ಚ್ 2

ಚೋಟೂ,

ಇಲ್ಲಿ ನಾನು ಕ್ಷೇಮ, ಗಾಡಿ ಕ್ಷೇಮ, ನಿನ್ನ ಅಮ್ಮನ ಬಾಯಿಯೂ ಕ್ಷೇಮ. ನನ್ನ ಮಂಡಿ ಒಂದು ಬಿಟ್ಟು ಎಲ್ಲ ಕ್ಷೇಮ.

ನಿನ್ನ ಕಾಗದವನ್ನು ಮೊದಲ ಸಲ ಓದಿದಾಗ ಬ್ಯಾಂಕಿನವರು ಬರೆದಿದ್ದಾರೆ ಎಂದುಕೊಂಡೆ. ನನ್ನ ತೊಡೆಯ ಮೇಲೆ ಕೂತು ಸ್ಪಾನರ್ ಚೀಪುತ್ತಿದ್ದವಳಿಗೆ ನಾನು ಯಾವತ್ತಿನಿಂದ 'ನೀವು' ಆದೆ? ಸಿಟ್ಟಿದ್ದರೆ ಬೈದು ಬರೆ. ಮರ್ಯಾದೆ ಕೊಟ್ಟು ಕೊಲ್ಲಬೇಡ.

ನಿನ್ನ ಕೇಂದ್ರದ ಯಂತ್ರದ ಬಗ್ಗೆ ಕೇಳಿದ್ದೇನೆ. ಚಕ್ರ ನಾಲ್ಕನ್ನೂ ಬಿಚ್ಚಿಟ್ಟು, ಚಕ್ರ ಕೂರುವ ಹಬ್‌ಗೆ ನೇರ ಬ್ರೇಕು ಬಿಗಿದು ಅಳೆಯುತ್ತಾರಂತೆ. ಚಪ್ಪಲಿ ಬಿಚ್ಚಿಸಿ ಓಟದ ಪಂದ್ಯ ಇಟ್ಟ ಹಾಗಾಯಿತು. ಗಾಡಿ ಅಂದಮೇಲೆ ಟೈರು ಬೇಡವೇ? ನನ್ನ ರೋಲರ್ ನೋಡು, ಅದಕ್ಕೆ ಇಂಥ ಕೊಂಕಿಲ್ಲ. ನೆಲದಲ್ಲಿ ಭಾರದ ಉಕ್ಕಿನ ಉರುಳೆ, ಅದರ ಮೇಲೆ ಗಾಡಿಯ ಚಕ್ರ. ಆಕ್ಸಿಲರೇಟರ್ ಒತ್ತು, ಉರುಳೆ ಎಷ್ಟು ಬೇಗ ವೇಗ ಹಿಡಿಯಿತು ಎನ್ನುವುದರಿಂದ ಶಕ್ತಿ ಎಷ್ಟೆಂದು ಯಂತ್ರವೇ ಹೇಳುತ್ತದೆ. ನಮ್ಮ ಗಾಡಿಗೆ ಅದು ಹೇಳಿದ್ದು ಇನ್ನೂರ ಹದಿನಾರು. ಪೇಟೆಯಲ್ಲೆಲ್ಲ ನನ್ನನ್ನು ಇನ್ನೂರರ ಮೇಸ್ತ್ರಿ ಎಂದು ಕರೆಯುವುದು ಸುಮ್ಮನೆ ಅಲ್ಲ.

ದೊಡ್ಡ ವರ್ಗದಲ್ಲಿ ಪ್ರತಿ ವರ್ಷ ಕೊನೆಗೆ ಬರುತ್ತೇನೆ, ನಿಜ. ಆದರೆ ದೊಡ್ಡವರ ಜೊತೆ ಓಡಿ ಕೊನೆಗೆ ಬರುತ್ತೇನೆ.

ಗಾಡಿಯನ್ನು ಬರುವ ವಾರ ಲಾರಿಯಲ್ಲಿ ಕಳಿಸುತ್ತೇನೆ. ಅಳೆ, ಸಹಿ ಹಾಕು, ವಾಪಸ್ ಕಳಿಸು. ಒಂದು ಸ್ಕ್ರೂ ಕೂಡ ಮುಟ್ಟಬೇಡ. ಎರಡೂ ಕಾರ್ಬುರೇಟರ್‌ಗಳನ್ನು ನಾನು ಕಿವಿಯಲ್ಲಿ ಕೇಳಿ ಕೂರಿಸಿದ್ದೇನೆ, ಸೊಗಸಾಗಿವೆ.

ಮಾಮ


ಮಾರ್ಚ್ 16

ಮಾಮ,

ಆಯಿತು, ನೀನು. ಇನ್ನು ಮುಂದೆ ನೀನೇ.

ಗಾಡಿ ಕ್ಷೇಮವಾಗಿ ಬಂತು. ಲಾರಿಯಿಂದ ಇಳಿಸುವಾಗ ಆ ಹಳೇ ಹಸಿರು ಬಣ್ಣ ನೋಡಿ ಬಾಗಿಲ ಮೇಲೆ ಒಂದು ಸಲ ಕೈಯಾಡಿಸಿದೆ, ಅದನ್ನು ಬಚ್ಚಿಡುವುದಿಲ್ಲ. ನಮ್ಮ ಪರೀಕ್ಷೆಯ ಕೋಣೆ ಚಿಕ್ಕದು. ಒಂದು ಗೋಡೆಗೆ ಆಳೆತ್ತರದ ಫ್ಯಾನು, ಒಂದು ಗೋಡೆಗೆ ದಪ್ಪ ಗಾಜಿನ ಕಿಟಕಿ, ಅದರಾಚೆ ನಾನು. ಗಾಡಿ ನಡುವೆ ನಿಂತಾಗ ಕೋಣೆ ತುಂಬಿಹೋಯಿತು.

ಮಾಮ, ಸುತ್ತಿ ಬಳಸಿ ಹೇಳಿದರೆ ನಿನಗೆ ಆಗುವುದಿಲ್ಲ. ನೂರ ಅರವತ್ತೆಂಟು ಬಂತು.

ನಂಬದೆ ಮತ್ತೆ ಓಡಿಸಿದೆ. ಎಂಜಿನ್ ಆರಲು ಬಿಟ್ಟು ಮೂರನೇ ಸಲವೂ ಓಡಿಸಿದೆ. ಹಬ್ ಬೋಲ್ಟುಗಳನ್ನು ಮತ್ತೆ ಬಿಗಿದು ನೋಡಿದೆ. ನೂರ ಅರವತ್ತೇಳು, ಮತ್ತೆ ನೂರ ಅರವತ್ತೆಂಟು. ನಮ್ಮ ಮೇಲ್ವಿಚಾರಕಿ ಬಂದು, "ಯಾರ ಗಾಡಿ ಇದು, ಇಷ್ಟು ಸಲ ಓಡಿಸ್ತಿದ್ದೀಯ?" ಅಂದರು. "ನಮ್ಮ ಮಾಮಂದು" ಅಂದೆ. "ಹಾಗಾದ್ರೆ ಅವರಿಗೆ ನೀನೇ ಹೇಳ್ಕೋ, ನನ್ನನ್ನ ಕರೀಬೇಡ" ಎಂದು ಹೊರಟೇಹೋದರು.

ಯಂತ್ರ ಬೇರೆಯಾದರೆ ಲೆಕ್ಕವೂ ಬೇರೆಯಾಗುತ್ತದೆ, ಅದು ನನಗೂ ಗೊತ್ತು. ನಿನ್ನ ರೋಲರಿನಲ್ಲಿ ಗಾಡಿ ಕಟ್ಟುವ ಪಟ್ಟಿ ಎಷ್ಟು ಬಿಗಿಯಾಗಿದೆ, ಟೈರಿನಲ್ಲಿ ಎಷ್ಟು ಗಾಳಿ ಇದೆ ಎನ್ನುವುದರ ಮೇಲೆ ಸಂಖ್ಯೆ ಏರಿಳಿಯುತ್ತದೆ. ಟೈರು ಉಜ್ಜಿ ತಿನ್ನುವ ಶಕ್ತಿ ನಮ್ಮಲ್ಲಿ ಉಳಿಯುತ್ತದೆ. ಹಾಗೆ ನೋಡಿದರೆ ನಮ್ಮಲ್ಲಿ ಜಾಸ್ತಿ ಬರಬೇಕಿತ್ತು. ಕಡಿಮೆ ಬಂದಿದೆ. ಅದೇ ನನಗೆ ಒಗಟಾಗಿದೆ. ನಿನ್ನ ಕಡೆ ಏನೋ ತಪ್ಪು ಸೇರಿಕೊಂಡಿದೆ.

ಇನ್ನೊಂದು ವಿಷಯ, ಇದು ಇನ್ನೂ ಮುಖ್ಯ. ನಿನ್ನ ರೋಲರಿನಲ್ಲಿ ಎಂಜಿನ್ ಕೆಳಗಿನಿಂದ ಮೇಲಿನವರೆಗೆ ಒಂದೇ ಉಸಿರಿಗೆ ಓಡಿಬಿಡುತ್ತದೆ, ನಡುವೆ ಏನಾಯಿತೆಂದು ನೋಡಲು ಪುರುಸೊತ್ತಿಲ್ಲ. ನಮ್ಮ ಬ್ರೇಕು ಎಂಜಿನ್ನನ್ನು ಬೇಕಾದ ವೇಗದಲ್ಲಿ ಹಿಡಿದು ನಿಲ್ಲಿಸುತ್ತದೆ. ನಿಮಿಷಕ್ಕೆ ಮೂರೂವರೆ ಸಾವಿರ ಸುತ್ತಿನಲ್ಲಿ ಹಿಡಿದು ಪೂರ್ತಿ ಆಕ್ಸಿಲರೇಟರ್ ಕೊಟ್ಟೆ. ಎಂಜಿನ್ ಕೆಮ್ಮಿತು, ಮಾಮ. ಪೆಟ್ರೋಲ್ ಸಾಲದೆ ಶಕ್ತಿಯ ಗೆರೆಯಲ್ಲಿ ಅಲ್ಲಿ ಒಂದು ಹಳ್ಳವೇ ಬಿದ್ದಿದೆ. ಬೆಟ್ಟದ ತಿರುವುಗಳಿಂದ ಹೊರಗೆ ಬರುವಾಗ ನೀನು ಇರುವುದೇ ಆ ಸುತ್ತಿನಲ್ಲಿ.

ಅದನ್ನು ತುಂಬಿಸಲು ನನಗೆ ಬರುತ್ತದೆ. ಆದರೆ ಒಂದು ಸ್ಕ್ರೂ ಕೂಡ ಮುಟ್ಟಿಲ್ಲ. ಸರ್ಟಿಫಿಕೇಟಿಗೂ ಇನ್ನೂ ಸಹಿ ಹಾಕಿಲ್ಲ. ನಿನ್ನ ಉತ್ತರಕ್ಕೆ ಕಾಯುತ್ತೇನೆ.

ಚೋಟು


ಮಾರ್ಚ್ 20

ಚೋಟು,

ನೂರ ಅರವತ್ತೆಂಟಂತೆ! ಅಷ್ಟು ಕುದುರೆ ಐಸ್‌ಕ್ರೀಮ್ ಮಾರುವ ವ್ಯಾನಿಗೂ ಇರುತ್ತದೆ.

ನಿನ್ನ ಯಂತ್ರ ನಿನ್ನ ಹಾಗೇ ಇದೆ, ಒಳ್ಳೆಯದು ಕಣ್ಣಿಗೆ ಬೀಳುವುದಿಲ್ಲ. ಇಡೀ ಪೇಟೆಗೆ ನಾನು ಏನೆಂದು ಹೇಳಲಿ? ನನ್ನ ಹತ್ತಿರ ಗಾಡಿ ಮಾಡಿಸಿದವರೆಲ್ಲ ನಾಳೆ ಬಾಗಿಲಲ್ಲಿ ನಿಂತು, ನಮ್ಮದೂ ಸುಳ್ಳಾ ಎಂದು ಕೇಳಿದರೆ?

ಇನ್ನೂರಕ್ಕೆ ಮೂವತ್ತೆರಡು ಕಡಿಮೆ. ಸಹಿ ಹಾಕುವವಳು ನೀನು, ಯಂತ್ರ ನಿನ್ನ ಕೈಯಲ್ಲಿದೆ. ಸ್ವಂತ ಮಾಮನಿಗೆ ಮೂವತ್ತೆರಡು ಕುದುರೆ ಹುಡುಕಲು ಆಗುವುದಿಲ್ಲವೇ? ಇನ್ನೂರು ಎಂದು ಬರೆ. ಹೆಚ್ಚು ಬೇಡ, ಸರಿಯಾಗಿ ಇನ್ನೂರು. ಆಗದಿದ್ದರೆ ಗಾಡಿ ವಾಪಸ್ ಕಳಿಸು.

ಮಾಮ


ಮಾರ್ಚ್ 25

ಮಾಮ,

ಗಾಡಿಯನ್ನು ವಾಪಸ್ ಕಳಿಸುತ್ತಿದ್ದೇನೆ. ಇನ್ನೂರು ಎಂದು ಬರೆಯುವುದಿಲ್ಲ.

ಈ ಕಾಗದ ಹೀಗೆ ಮುಗಿಸಬಹುದಿತ್ತು. ಮುಗಿಸಿ ಲಕೋಟೆಗೂ ಹಾಕಿದ್ದೆ, ಮತ್ತೆ ತೆಗೆದೆ.

ನಾನು ನಿನ್ನ ವರ್ಕ್‌ಶಾಪ್ ಬಿಟ್ಟದ್ದು ಹೆಚ್ಚು ಸಂಬಳಕ್ಕೆ ಎಂದು ನೀನು ಎಲ್ಲರಿಗೂ ಹೇಳಿದ್ದೀಯಂತೆ. ಹಾಗೆ ಅಂದುಕೊಂಡರೆ ನಿನಗೆ ಹಗುರವಾಗುತ್ತದೆಯೇನೋ, ಅದಕ್ಕೇ ನಾನೂ ಸುಮ್ಮನಿದ್ದೆ. ಆ ಶಾಲಾ ವ್ಯಾನಿನ ದಿನ ನೆನಪಿದೆಯಾ? ಒಂದು ಇಡೀ ಬೆಳಗ್ಗೆ ಕೂತು ನಾನು ಅದರ ಕಾರ್ಬುರೇಟರ್ ಸೆಟ್ ಮಾಡಿದ್ದೆ. ವ್ಯಾನಿನವನು ಬಂದು ಕೀಲಿ ಕೇಳಿದ. ನೀನು ಒಂದು ಮಾತೂ ಆಡಲಿಲ್ಲ. ಅವನ ಎದುರಿಗೇ ಬಾನೆಟ್ ಎತ್ತಿ, ನಾನು ಕೂರಿಸಿದ್ದನ್ನೆಲ್ಲ ತಿರುಗಿಸಿ ನಿನ್ನ ಲೆಕ್ಕಕ್ಕೆ ತಂದು, "ಈಗ ತಗೊಂಡು ಹೋಗಪ್ಪ" ಅಂದೆ. ಕೈ ಒರೆಸಿಕೊಂಡು ಊಟಕ್ಕೆ ಹೋದೆ. ನಾನು ಮಾಡಿದ್ದು ತಪ್ಪೋ ಸರಿಯೋ ಎಂದು ನೋಡಲೂ ಇಲ್ಲ. ಅದೊಂದೇ ಸಲವೂ ಅಲ್ಲ.

ನೀನು ಬೈದಿದ್ದರೆ ನಾನು ಅಲ್ಲೇ ಇರುತ್ತಿದ್ದೆ.

ಇಲ್ಲಿ ನಾನು ಒಂದು ಸಂಖ್ಯೆ ಹೇಳಿದರೆ ಅದು ಅಷ್ಟೇ. ಯಾರೂ ಬಂದು ತಿರುಗಿಸುವುದಿಲ್ಲ. ನಿನಗೋಸ್ಕರ ಅದನ್ನು ನಾನೇ ತಿರುಗಿಸಿದರೆ ಇಷ್ಟು ದೂರ ಬಂದದ್ದು ಯಾಕೆ ಹೇಳು? ನಿನ್ನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಬೇರೆಯವರ ಗಾಡಿಯಾಗಿದ್ದರೆ ಒಂದೇ ಸಲ ಓಡಿಸಿ ಬರೆದುಕೊಡುತ್ತಿದ್ದೆ.

ಸರ್ಟಿಫಿಕೇಟಿಗೆ ಮೇ ತಿಂಗಳ ಕೊನೆಯವರೆಗೆ ಸಮಯವಿದೆ. ಮಂಡಿಗೆ ಬಿಸಿನೀರು ಕೊಡು.

ಚೋಟು


ಮೇ 6

ಚೋಟೂ,

ಸಿಟ್ಟು ಇಳಿಯಲು ಇಷ್ಟು ದಿನ ಬೇಕಾಯಿತು ಎಂದುಕೊಳ್ಳಬೇಡ. ಸಿಟ್ಟು ಬೇಗನೇ ಇಳಿಯಿತು, ಹಠ ಇಳಿಯಲಿಲ್ಲ.

ಗಾಡಿ ಬಂದ ಮಾರನೇ ದಿನವೇ ಎಂಜಿನ್ ಕೆಳಗಿಳಿಸಿದೆ. "ಇರೋದೊಂದು ಮಂಡಿ, ಅದನ್ನೂ ಕಳ್ಕೋ" ಎಂದು ನಿನ್ನ ಅಮ್ಮ ಬೈದಳು. ಇಲ್ಲಿನ ತಾಂತ್ರಿಕ ಶಾಲೆಯಲ್ಲಿ ನೀರಿನ ಬ್ರೇಕಿನ ಹಳೇ ಡೈನೋ ಇದೆಯಲ್ಲ, ಅಲ್ಲಿಗೆ ಸಾಗಿಸಿದೆ. ಅದರಲ್ಲಿ ಗೇರೂ ಇಲ್ಲ, ಚಕ್ರವೂ ಇಲ್ಲ, ಬರೀ ಎಂಜಿನ್ನನ್ನು ಸ್ಟ್ಯಾಂಡಿಗೆ ಬಿಗಿಯುವುದು. ತಿರುಗುವ ದಂಡವನ್ನು ನೀರು ತುಂಬಿದ ಡ್ರಮ್ಮಿಗೆ ಜೋಡಿಸುತ್ತಾರೆ. ನೀರು ಎಷ್ಟು ತಡೆಯಿತು ಎನ್ನುವುದನ್ನು ತಕ್ಕಡಿ ತೋರಿಸುತ್ತದೆ. ಗೇರಿನಲ್ಲಿ, ಅಚ್ಚಿನಲ್ಲಿ ಸೋರಿಹೋಗುವ ಶಕ್ತಿಯೆಲ್ಲ ಇಲ್ಲಿ ಸಿಕ್ಕೇ ಸಿಗುತ್ತದೆ, ಇನ್ನೂರು ದಾಟುತ್ತದೆ, ಆ ಕಾಗದವನ್ನು ನಿನ್ನ ಮುಖಕ್ಕೆ ಹಿಡಿಯುತ್ತೇನೆ ಎಂದುಕೊಂಡಿದ್ದೆ.

ನೂರ ತೊಂಬತ್ತಮೂರು.

ಯಂತ್ರ ನಡೆಸುವ ಮೇಷ್ಟ್ರು ಒಳ್ಳೆಯವರು. ನನ್ನ ಮುಖ ನೋಡಿ ಸ್ಟೂಲ್ ಎಳೆದುಕೊಟ್ಟರು. ನನ್ನ ರೋಲರಿನ ಲೆಕ್ಕವನ್ನೆಲ್ಲ ಕೇಳಿದರು. ಚಕ್ರದಲ್ಲಿ ಬಂದದ್ದಕ್ಕೆ ಗೇರಿನ ಸೋರಿಕೆಯೆಂದು ಕಾಲುಭಾಗ ಸೇರಿಸಿ ಹೇಳುವಂತೆ ಯಂತ್ರಕ್ಕೆ ಹಾಕಿಟ್ಟಿದ್ದೇನೆ ಅಂದೆ. "ಕಾಲುಭಾಗ ಯಾಕೆ?" ಅಂದರು. "ಮೊದಲಿಂದ ಹಾಗೇ" ಅಂದೆ. ಅಷ್ಟು ಸೋರುವುದೇ ಇಲ್ಲವಂತೆ, ನಿನ್ನ ಅಳತೆಯನ್ನೂ ಅವರ ಅಳತೆಯನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಆಮೇಲೆ, "ಗಾಳಿಯ ಬಿಸಿ ನೋಡೋ ಸೆನ್ಸರ್ ಎಲ್ಲಿ ನೇತು ಹಾಕಿದ್ದೀರಿ?" ಅಂದರು.

"ಗೋಡೇಲಿ ಒಂದು ಮೊಳೆ ಇತ್ತು, ಅಲ್ಲಿ."

"ಮೊಳೆ ಎಲ್ಲಿದೆ?"

ಸ್ಟೂಲಿನಿಂದ ಎದ್ದು ನಿಂತೆ. ನಿನಗೂ ಗೊತ್ತು ಆ ಮೊಳೆ ಎಲ್ಲಿದೆ ಎಂದು. ಕೆಳಗೆ ಟೀ ಸ್ಟೋವು! ಬಿಸಿ ಗಾಳಿಯಲ್ಲಿ ಎಂಜಿನ್ನಿಗೆ ಸುಸ್ತು ಜಾಸ್ತಿ, ಅದಕ್ಕೆ ಯಂತ್ರ ಪಾಪ ಅನ್ನಿಸಿ ಒಂದಿಷ್ಟು ಕುದುರೆ ಸೇರಿಸಿ ಹೇಳುತ್ತದೆ. ಗಾಡಿ ಅಳೆಸಲು ಬಂದವರಿಗೆಲ್ಲ ನಾನು ಟೀ ಇಡುತ್ತಿದ್ದೆ. ನಮ್ಮ ವರ್ಕ್‌ಶಾಪು ಕುಲುಮೆಯಂತೆ ಕುದಿಯುತ್ತಿದೆ ಎಂದು ಆ ಬಡಪಾಯಿ ಯಂತ್ರ ಇಷ್ಟು ವರ್ಷ ನಂಬಿಕೊಂಡಿತ್ತು. ನಿನ್ನ ಅಮ್ಮನಿಗೆ ಹೇಳಿದೆ. ಅವಳು ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. "ಹಾಗಾದ್ರೆ ಕಾಫಿ ಇಟ್ಟಿದ್ರೆ ಮುನ್ನೂರು ಬರ್ತಿತ್ತೇನೋ" ಅಂದಳು. ನನಗೂ ನಗು ಬಂತು, ಏನು ಮಾಡಲಿ.

ಸೆನ್ಸರನ್ನು ಈಗ ಎಂಜಿನ್ ಗಾಳಿ ಎಳೆಯುವ ಬಾಯಿಯ ಹತ್ತಿರ ಕಟ್ಟಿದ್ದೇನೆ. ಗಿರಾಕಿಗಳನ್ನು ಒಬ್ಬೊಬ್ಬರಾಗಿ ಕರೆದು ಹೇಳುತ್ತಿದ್ದೇನೆ, ಮತ್ತೆ ಅಳೆದುಕೊಡುತ್ತಿದ್ದೇನೆ. ಇಬ್ಬರು ಮುಖ ಊದಿಸಿಕೊಂಡು ಹೋದರು. ಉಳಿದವರು, ಗಾಡಿ ಮೊದಲಿನ ಹಾಗೇ ಓಡುತ್ತಿದೆಯಲ್ಲ ಬಿಡಿ ಅಂದರು. ನಾನು ಹೆದರಿದಷ್ಟು ಏನೂ ಆಗಲಿಲ್ಲ.

ಇನ್ನು ಮುಖ್ಯ ಮಾತು. ನಾನು ಕೇಳಿಕೊಂಡಿದ್ದಕ್ಕೆ ಮೇಷ್ಟ್ರು ಎಂಜಿನ್ನನ್ನು ಮೂರೂವರೆ ಸಾವಿರದಲ್ಲಿ ಹಿಡಿದು ನಿಲ್ಲಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ನೀನು ಬರೆದಿದ್ದೆಯಲ್ಲ, ಹಾಗೇ ಕೆಮ್ಮಿತು. ಈ ಕಿವಿಯನ್ನು ನಂಬಿಕೊಂಡು ನಾನು ಜೀವನ ಮಾಡಿದವನು. ರೋಲರಿನ ಮೇಲೆ ಸರ್ರನೆ ದಾಟಿಹೋಗುತ್ತಿದ್ದ ಆ ಕೆಮ್ಮು ಒಂದು ದಿನವೂ ನನಗೆ ಕೇಳಿಸಿರಲಿಲ್ಲ.

ಎಂಜಿನ್ ಮತ್ತೆ ಕೂರಿಸಿದ್ದೇನೆ. ಗಾಡಿ ನಾಡಿದ್ದು ಲಾರಿ ಹತ್ತುತ್ತದೆ. ಬಾನೆಟ್ ತೆಗೆದು ಏನು ಬೇಕೋ ಮಾಡು. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಜೆಟ್‌ಗಳ ಡಬ್ಬಿಯನ್ನೂ ಇಟ್ಟಿದ್ದೇನೆ. ನಿನ್ನ ಹತ್ತಿರ ಇರುತ್ತವೆ, ಆದರೂ ಇರಲಿ.

ವ್ಯಾನಿನ ದಿನ ನನಗೆ ನೆನಪಿರಲಿಲ್ಲ, ಚೋಟು. ನಿನ್ನ ಕಾಗದ ಓದಿದ ಮೇಲೆ ಮರೆಯಲು ಆಗುತ್ತಿಲ್ಲ.

ಮಾಮ


ಮೇ 24

ಮಾಮ,

ನಿನ್ನ ಕಾಗದವನ್ನು ಮೇಲ್ವಿಚಾರಕಿಗೆ ಓದಿ ಹೇಳಿದೆ, ಟೀ ಸ್ಟೋವಿನ ಭಾಗ ಮಾತ್ರ. ಅವರು ಎದ್ದು ಹೋಗಿ ನಮ್ಮ ಸೆನ್ಸರ್ ಎಲ್ಲಿದೆ ಎಂದು ನೋಡಿಕೊಂಡು ಬಂದರು. ಕೊನೆಯ ಸಾಲನ್ನು ಯಾರಿಗೂ ಓದಿ ಹೇಳಿಲ್ಲ.

ಗಾಡಿಯ ಕೆಲಸ ಮುಗಿಯಿತು. ಎಂಜಿನ್ನನ್ನು ಮೂರು ಸಾವಿರದಲ್ಲಿ ಹಿಡಿದೆ, ಕೇಳಿದೆ, ನಿಲ್ಲಿಸಿದೆ, ಜೆಟ್ ಬದಲಿಸಿದೆ, ಮತ್ತೆ ಹಿಡಿದೆ. ಆಮೇಲೆ ಸ್ವಲ್ಪ ಮೇಲೆ, ಮತ್ತೂ ಸ್ವಲ್ಪ ಮೇಲೆ. ಗುಂಡುಸೂಜಿ ತೂರುವಷ್ಟು ಸಣ್ಣ ತೂತಿನ ಹಿತ್ತಾಳೆ ಜೆಟ್‌ಗಳು, ಒಂದಕ್ಕೂ ಇನ್ನೊಂದಕ್ಕೂ ಕೂದಲಿನಷ್ಟು ವ್ಯತ್ಯಾಸ. ಮೂರನೇ ದಿನ ಮಧ್ಯಾಹ್ನ ಅದು ಕೆಮ್ಮುವುದನ್ನು ಬಿಟ್ಟಿತು. ಗಾಜಿನ ಈಚೆ ನಾನೊಬ್ಬಳೇ ಚಪ್ಪಾಳೆ ಹೊಡೆದೆ.

ನಾನು ಕೈ ಹಾಕಿದ ಗಾಡಿಗೆ ನಾನೇ ಸಹಿ ಹಾಕುವಂತಿಲ್ಲ. ಮೇಲ್ವಿಚಾರಕಿಯೇ ಅಳೆದು ಸಹಿ ಹಾಕಿದರು. ನೂರ ಎಪ್ಪತ್ತೊಂದು. ಏನು, ಮೂರೇ ಕುದುರೆ ಹೆಚ್ಚಾಯಿತಾ ಎಂದು ನೀನು ಕೇಳುವುದು ಇಲ್ಲಿಗೇ ಕೇಳಿಸುತ್ತಿದೆ. ತುದಿಯಲ್ಲಿ ಮೂರೇ. ಆದರೆ ಸರ್ಟಿಫಿಕೇಟಿನ ಜೊತೆಗಿರುವ ಗೆರೆಯ ಚಿತ್ರ ನೋಡು. ನಡುವೆ ಹಳ್ಳ ಇದ್ದಲ್ಲಿ ಈಗ ಸಮತಟ್ಟು. ಬರೀ ತುದಿಯ ಸಂಖ್ಯೆಯಿಂದ ಗಾಡಿ ಬೆಟ್ಟ ಹತ್ತುವುದಿಲ್ಲ, ತಿರುವಿನಿಂದ ಹೊರಬರುವಾಗ ಎಳೆಯುವುದು ಈ ನಡುವಿನ ಭಾಗ.

ಈ ಸರ್ಟಿಫಿಕೇಟ್ ಇಟ್ಟುಕೊಂಡು ನೀನು ಚಿಕ್ಕ ವರ್ಗದಲ್ಲಿ ಓಡಬೇಕಾಗುತ್ತದೆ. ಬೇಡ ಅನ್ನಿಸಿದರೆ ಓಡಬೇಡ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಇಲ್ಲ, ಮಾಡಿಕೊಳ್ಳುತ್ತೇನೆ. ಓಡು.

ಅಳತೆ ಮಾಡಿದ ಕೇಂದ್ರದವರು ರೇಸಿನ ದಿನ ಬೆಟ್ಟದ ಹತ್ತಿರ ಸುಳಿಯಬಾರದು ಎಂಬ ನಿಯಮ ಇದೆ. ನಾನು ಬರಲು ಆಗುವುದಿಲ್ಲ.

ನನಗೊಂದು ಹೆದರಿಕೆ ಇದೆ, ಹೇಳಿಬಿಡುತ್ತೇನೆ. ಲಾರಿಯಿಂದ ಇಳಿಸಿದ ಕೂಡಲೇ ನೀನು ಬಾನೆಟ್ ಎತ್ತುತ್ತೀಯ. ನಿನ್ನ ಕೈ ಸುಮ್ಮನಿರುವುದಿಲ್ಲ. ಅದು ನಿನ್ನ ಗಾಡಿ, ಮುಟ್ಟಬೇಡ ಎಂದು ಹೇಳಲು ನಾನು ಯಾರು? ಆದರೆ ಮುಟ್ಟಿದರೆ, ಮುಟ್ಟಿದೆ ಎಂದು ಬರೆ. ಬಚ್ಚಿಡಬೇಡ.

ಚೋಟು


ಜೂನ್ 23

ಚೋಟೂ,

ನಿನ್ನ ಅಮ್ಮ ಫೋನ್ ಮಾಡಿ ಎಲ್ಲ ಹೇಳಿಬಿಡುತ್ತೇನೆ ಎಂದು ಕೂತಿದ್ದಳು. ಅವಳ ಫೋನ್ ಕಿತ್ತುಕೊಂಡು, ಮೇಜಿನ ಈ ಬದಿ ಇಟ್ಟುಕೊಂಡು ಬರೆಯುತ್ತಿದ್ದೇನೆ.

ನಾಲ್ಕನೇ ಸ್ಥಾನ ಬಂದೆ. ಚಿಕ್ಕ ವರ್ಗದಲ್ಲಿ ಈ ವರ್ಷ ಹತ್ತೊಂಬತ್ತು ಗಾಡಿಗಳಿದ್ದವು. ಹೋದ ವರ್ಷ ಇದೇ ಬೆಟ್ಟ, ಇದೇ ಗಾಡಿ, ಇದೇ ಮಂಡಿ. ಈ ಸಲ ಆರು ಸೆಕೆಂಡ್ ಬೇಗ ಮುಟ್ಟಿದೆ. ದೊಡ್ಡ ವರ್ಗದ ಇಬ್ಬರು ನನಗಿಂತ ನಿಧಾನ ಬಂದರು, ಇದನ್ನು ನಾನು ಯಾರಿಗೂ ಹೇಳಿಲ್ಲ, ಬರೀ ಸಿಕ್ಕವರಿಗೆಲ್ಲ ಹೇಳಿದ್ದೇನೆ.

ಸಾಲಿನಲ್ಲಿ ನಿಂತಾಗ ಕೆಲವರು ಕೆಣಕಿದರು. "ಏನ್ ಮೇಸ್ತ್ರಿ, ಇನ್ನೂರು ಎಲ್ಲಿ ಬಿಟ್ಟು ಬಂದ್ರಿ?" ಅಂದರು. "ಟೀ ಮಾಡ್ಕೊಂಡು ಕುಡಿದ್ಬಿಟ್ಟೆ" ಅಂದೆ. ಅವರಿಗೆ ಅರ್ಥವಾಗಲಿಲ್ಲ, ನನಗೆ ಮಾತ್ರ ಎದೆ ಹಗುರವಾಯಿತು.

ಗಾಡಿಯ ವಿಷಯ ಹೇಳುತ್ತೇನೆ. ಮೂರನೇ ತಿರುವು ಇದೆಯಲ್ಲ, ಬಂಡೆಯ ಪಕ್ಕ, ಪೂರ್ತಿ ಹಿಂದಕ್ಕೆ ಮಡಿಸಿದಂಥದ್ದು. ಪ್ರತಿ ವರ್ಷ ಅಲ್ಲಿಂದ ಹೊರಗೆ ಬರುವಾಗ ಗಾಡಿ ಒಂದು ಕ್ಷಣ ಸತ್ತ ಹಾಗಾಗುತ್ತಿತ್ತು. ಬೆಟ್ಟವೇ ಹಾಗೆ ಎಂದುಕೊಂಡಿದ್ದೆ. ಈ ಸಲವೂ ಅಭ್ಯಾಸ ಬಲದಿಂದ ಹಲ್ಲು ಕಚ್ಚಿ ಆ ಕ್ಷಣಕ್ಕೆ ಕಾದೆ. ಅದು ಬರಲೇ ಇಲ್ಲ. ಗಾಡಿ ನನ್ನನ್ನು ಸೀಟಿಗೆ ಒತ್ತಿ ಎಳೆದುಕೊಂಡು ಹೋಯಿತು. ಹೆಲ್ಮೆಟ್ಟಿನ ಒಳಗೆ ನಾನು ಚೋಟೂ ಎಂದು ಕೂಗಿದೆ. ಮುಂದಿನ ತಿರುವಿನಲ್ಲೂ ಕೂಗಿದೆ. ಇಷ್ಟು ವಯಸ್ಸಾದವನು ಒಬ್ಬನೇ ಗಾಡಿಯಲ್ಲಿ ಕೂಗಿಕೊಂಡು ಹೋಗುತ್ತಿದ್ದ ಎಂದು ಯಾರಾದರೂ ನಿನಗೆ ಹೇಳಿದರೆ ನಂಬು, ನಿಜ.

ಈಗ ನೀನು ಕೇಳಿದ್ದಕ್ಕೆ ಉತ್ತರ.

ಬೆಟ್ಟದ ಕೆಳಗೆ ಗಾಡಿ ನಿಲ್ಲಿಸಿದ ಮೇಲೆ ಮೂರನೇ ಸ್ಥಾನ ಬಂದ ಟೈರ್ ಅಂಗಡಿಯವನು ಬಂದ. ಬಾನೆಟ್ ಎತ್ತಿಸಿ ಕಿವಿಗೊಟ್ಟು ಕೇಳಿದ. "ಎರಡನೇ ಕಾರ್ಬುರೇಟರ್ ಒಂದು ಚೂರು ಬಿಗಿ ಆಯ್ತು ಮೇಸ್ತ್ರಿ. ಒಂದು ಕಾಲು ಸುತ್ತು ಸಡಿಲ ಮಾಡಿದ್ರೆ ನನ್ನನ್ನ ಹಿಂದೆ ಹಾಕ್ತಿದ್ರಿ" ಅಂದ. ನನಗೂ ಹಾಗೇ ಕೇಳಿಸುತ್ತಿತ್ತು. ಸುಳ್ಳು ಹೇಳುವುದಿಲ್ಲ ಚೋಟು, ನನ್ನ ಕೈ ಆಗಲೇ ಸ್ಕ್ರೂಡ್ರೈವರ್ ಹಿಡಿದಿತ್ತು. ಸ್ಕ್ರೂವಿನ ತಲೆಯ ಮೇಲೂ ಕೂತಿತ್ತು.

"ತಿರುಗಿಸಿ, ನೋಡೇ ಬಿಡೋಣ" ಅಂದ ಅವನು.

"ಇದು ನಾನು ಕೂರಿಸಿದ್ದಲ್ಲ" ಅಂದೆ. "ನಮ್ಮ ಹುಡುಗಿ ಕೂರಿಸಿದ್ದು. ಅವಳನ್ನ ಕೇಳ್ದೆ ಆಗಲ್ಲ."

ಅವನು ಪಕಪಕ ನಕ್ಕ. "ನಿಮ್ಮ ಗಾಡಿಗೆ ನೀವೇ ಅಪ್ಪಣೆ ಕೇಳ್ಬೇಕಾ?" ಅಂದ. "ಹೌದು" ಎಂದು ಬಾನೆಟ್ ಹಾಕಿದೆ.

ಇನ್ನೂ ತೆಗೆದಿಲ್ಲ. ಕಾಲು ಸುತ್ತು ಬೇಕೋ ಬೇಡವೋ ನನಗೆ ಗೊತ್ತಿಲ್ಲ, ನೀನು ಹೇಳಬೇಕು. ಯಾವಾಗ ಬರುತ್ತೀಯ?

ಮಾಮ